ಆಚೆ ದಂಡೆಯ ಕೂಗು

ಹೊಳೆ ದಂಡೆಯ ಆಶ್ರಮದಲ್ಲಿ ವೆಂಕೋಬನಷ್ಟು ಚೆನ್ನಾಗಿ ಪುರಾಣ ಓದುವವರು ಬೇರೆ ಯಾರೂ ಇರಲಿಲ್ಲ. ಇದು ಊರಿಗೆ ಗೊತ್ತಿತ್ತು. ವೆಂಕೋಬನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಆ ಊರಲ್ಲಿ ಯಾರಾದರೂ ಸತ್ತರೆ ಸೂತಕ ಕಳೆಯುವ ತನಕ ಸಂಜೆ ಹೊತ್ತು ಅವರ ಮನೆಯಲ್ಲಿ ಪುರಾಣ ಓದಿಸುವ ರೂಢಿ. ಜೀವ ಯಾವ ದಾರಿ ಹಿಡಿಯುತ್ತದೆ, ಪಾಪ ಮಾಡಿದವರಿಗೆ ಏನಾಗುತ್ತದೆ ಎಂದು ಅದರಲ್ಲಿ ಹೇಳಿದೆ. ಅಂಬಿಗರ ಗಾಳೆಪ್ಪ ಸತ್ತಾಗ ಓದಲು ಹೋದವನು ವೆಂಕೋಬ.

ಗಾಳೆಪ್ಪನ ಪಾಪ ಏನೆಂಬುದು ಎಲ್ಲರಿಗೂ ಗೊತ್ತಿತ್ತು.

ಆ ಹೊಳೆಯ ಅಂಬಿಗರಲ್ಲಿ ಒಂದು ರೀತಿ ಇದೆ. ಆಚೆ ದಂಡೆಯಿಂದ ಕೂಗು ಬಂದರೆ ಹೋಗಬೇಕು. ಯಾರು ಎಂದು ಕೇಳಬಾರದು. ಒಂದು ಸಂಜೆ ಫಕೀರಪ್ಪ ಆಚೆ ದಂಡೆಯಿಂದ ಕೂಗಿದ. ಮಗುವಿಗೆ ಜ್ವರ, ಔಷಧ ತರುತ್ತಿದ್ದ. ಅವನಿಗೂ ಗಾಳೆಪ್ಪನಿಗೂ ಜಗಳವಿತ್ತು. ಗಾಳೆಪ್ಪ ದನಿ ಗುರುತು ಹಿಡಿದು, ಕಂಬಳಿ ಎಳೆದುಕೊಂಡು ಮಲಗಿಬಿಟ್ಟ. ಫಕೀರಪ್ಪ ಕೂಗಿ ಕೂಗಿ ಸಾಕಾಗಿ ಈಜಲು ಇಳಿದ. ಮಗು ಹೇಗೋ ಬದುಕಿತು, ಅಪ್ಪ ಉಳಿಯಲಿಲ್ಲ.

ಅದಾಗಿ ವರ್ಷ ಕಳೆಯುವುದರೊಳಗೆ ಗಾಳೆಪ್ಪನೂ ಕಾಮಾಲೆಯಾಗಿ ಹೋದ. ಸೂತಕ ಮುಗಿಯುವ ತನಕ ಯಾರೂ ಮುಟ್ಟಬಾರದೆಂದು ಅವನ ಹರಿಗೋಲನ್ನು ದಂಡೆಯಲ್ಲಿ ಬೋರಲಾಗಿ ಡಬ್ಬು ಹಾಕಿದರು.

ವೈತರಣಿ ನದಿಯ ಅಧ್ಯಾಯ ಬಂದ ದಿನ ವೆಂಕೋಬನ ಗಂಟಲು ಭಾರೀ ಹದವಾಗಿತ್ತು. ಕೀವು ರಕ್ತದ ಆ ಹೊಳೆ, ಅದರಲ್ಲಿ ಮುಳುಗೇಳುವ ಪಾಪಿಗಳು, ಮೇಲಿಂದ ಬಡಿಯುವ ಯಮದೂತರು, ಎಲ್ಲವನ್ನೂ ರಾಗವಾಗಿ ಓದಿದ. ಕೂತವರು ತಲೆದೂಗಿದರು.

ಗೋಡೆಗೆ ಒರಗಿದ್ದ ಗಾಳೆಪ್ಪನ ತಾಯಿ ಹುಲಿಗೆವ್ವ ಕೇಳಿದಳು, "ಆ ಹೊಳ್ಯಾಗ ಹರಿಗೋಲು ಇಲ್ಲೇನ್ರಿ?"

"ಪಾಪ ಮಾಡಿದವ್ರಿಗೆ ಇಲ್ಲವ್ವ" ಎಂದ ವೆಂಕೋಬ.

"ಕುಡ್ಯಾಕ ನೀರು?"

"ಅದೂ ಇಲ್ಲ."

ಹುಲಿಗೆವ್ವ ಎದ್ದು ಒಳಗೆ ಹೋದಳು. ಒಲೆ ಆರಿಸಿದಳು. ಕೊಡದಲ್ಲಿದ್ದ ನೀರನ್ನು ಅಂಗಳಕ್ಕೆ ಚೆಲ್ಲಿ, ಕೊಡ ಬೋರಲು ಹಾಕಿ ಮಲಗಿದಳು. ಆಮೇಲೆ ಯಾರು ಏನು ಹೇಳಿದರೂ ಒಂದು ಗುಟುಕು ನೀರು ಮುಟ್ಟಲಿಲ್ಲ.

"ನನ ಮಗ ಅಲ್ಲಿ ಬಾಯಾರಿ ನಿಂತಾನ. ನಾ ಇಲ್ಲಿ ಹೆಂಗ ಕುಡೀಲಿ?" ಅನ್ನುತ್ತಿದ್ದಳು.

ಮರುದಿನ ಸಂಜೆ ವೆಂಕೋಬ ಓದಲು ಹೋದವನು ಬಾಗಿಲಿಂದಲೇ ತಿರುಗಿ ಬಂದ.

ಆಶ್ರಮದಲ್ಲಿ ಗುರುಗಳಾದ ನಿರುಪಾದಜ್ಜ ಪುಂಡಿಪಲ್ಯದ ಸೊಪ್ಪು ಸೋಸುತ್ತ ಕೂತಿದ್ದರು.

"ಅಜ್ಜಾರ, ಪುರಾಣ ಸುಳ್ಳೇನ್ರಿ?"

"ನಿನ್ನೆ ಓದೂವಾಗ ಹಂಗ ಅನಿಸಿತ್ತೇನು?"

"ಇಲ್ರಿ."

"ಇವತ್ತ್ಯಾಕ ಅನಸಾಕತ್ತೈತಿ?"

"ಹುಲಿಗೆವ್ವ ನೀರು ಬಿಟ್ಟಾಳ್ರಿ. ಹಿಂಗ ಆದ್ರ ಆಕಿ ಉಳಿಯೂದಿಲ್ಲ."

ಅಜ್ಜ ಒಂದು ಹುಳುಕು ಎಲೆಯನ್ನು ತೆಗೆದು ಆಚೆ ಇಟ್ಟರು.

ವೆಂಕೋಬನಿಗೆ ತಡೆಯಲಾಗಲಿಲ್ಲ. "ಮುಂಜಾನಿ ದೇವರನ್ನ ತಾಯಿ ಅಂತೀವಿ. ಸಂಜೀಗೆ ಅದ ಬಾಯಿಲೆ ನರಕ ಓದ್ತೀವಿ. ತಾಯಿ ಆದಾಕಿ ಮಗನ್ನ ಅಂಥಾ ಹೊಳ್ಯಾಗ ನೂಕ್ತಾಳೇನ್ರಿ? ನೂಕೂದಿಲ್ಲ ಅಂದ್ರ, ಫಕೀರಪ್ಪನ ಹೆಂಡ್ತಿಗೆ ಏನ್ ಹೇಳೂದು? ನಿನ್ನ ಗಂಡ ಸತ್ತದ್ದು ದೇವರ ಮನಸಿಗೆ ಹತ್ತಲೇ ಇಲ್ಲ ಅಂತ ಹೇಳೂದೇನ್ರಿ?"

ಅಜ್ಜ ಪಲ್ಯ ಸೋಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು. ಹುಡುಗ ಬಿಳಿಚಿಕೊಂಡಿದ್ದ.

"ಜೇನುತುಪ್ಪ ತೀರೇತಿ" ಎಂದರು. "ನಾಳೆ ಹೊಳೀ ಆಚಿಗೆ ಗುಡ್ಡದ ಹಳ್ಳಿಗೆ ಹೋಗಿ ತಗೊಂಡು ಬಾ."

ದೇವರ ವಿಷಯ ಕೇಳಿದರೆ ಜೇನುತುಪ್ಪ. ವೆಂಕೋಬನಿಗೆ ಅಳು ಬರುವ ಹಾಗಾಯಿತು.

"ಹೋಗೂವಾಗ ಮೇಲಿನ ಊರಿನ ಸೇತುವೆ ಹಿಡಿದು ಹೋಗು, ಅರ್ಧ ದಿನದ ಸುತ್ತು ದಾರಿ. ಬರೂವಾಗ ಹೊತ್ತು ಮುಣಗತೈತಿ. ದಂಡೀಗೆ ನಿಂತು ಕೂಗು."

"ಯಾರನ್ನ ಕೂಗ್ಲಿರಿ? ಅಂಬಿಗ ಸತ್ತಾನ. ಹರಿಗೋಲು ಡಬ್ಬು ಬಿದ್ದೈತಿ."

"ಕೂಗು" ಎಂದರು ಅಜ್ಜ, ಮತ್ತೆ ಪಲ್ಯಕ್ಕೆ ಕೈ ಹಾಕಿದರು.

ಮರುದಿನ ಕತ್ತಲು ಕವಿಯುವ ಹೊತ್ತಿಗೆ ವೆಂಕೋಬ ಜೇನಿನ ಗಡಿಗೆ ಹಿಡಿದು ಆಚೆ ದಂಡೆಯಲ್ಲಿ ನಿಂತಿದ್ದ. ಈಚೆ ದಂಡೆಯಲ್ಲಿ ಅಂಬಿಗರ ಮನೆ ಮಸುಕಾಗಿ ಕಾಣುತ್ತಿತ್ತು. ದೀಪ ಇರಲಿಲ್ಲ.

ಊರನ್ನೇ ತಲೆದೂಗಿಸಿದ ದನಿ ಈಗ ಹೊರಡಲೊಲ್ಲದು. ಹರಿಗೋಲು ಇಲ್ಲ ಎಂದು ಆ ತಾಯಿಗೆ ಹೇಳಿದವನು ತಾನು. ಈಗ ಯಾವ ಮುಖ ಹೊತ್ತು ಹರಿಗೋಲು ತಾ ಎಂದು ಅವಳನ್ನೇ ಕರೆಯುವುದು?

ಆದರೂ ಕೂಗಿದ. ಕೂಗು ನೀರಿನ ನಡುವೆಯೇ ಎಲ್ಲೋ ಸತ್ತುಹೋಯಿತು.

ಹಳ್ಳಿಗೆ ವಾಪಸು ಹೋಗಿ ಯಾರದಾದರೂ ಜಗಲಿಯ ಮೇಲೆ ಮಲಗೋಣ ಎಂದುಕೊಂಡ. ನಾಲ್ಕು ಹೆಜ್ಜೆ ಹೋಗಿಯೂ ಹೋದ. ಮತ್ತೆ ತಿರುಗಿ ಬಂದು, ಎದೆ ಬಿರಿಯುವ ಹಾಗೆ ಕೂಗಿದ. ಅದರಲ್ಲಿ ರಾಗ ಇರಲಿಲ್ಲ.



ಆಮೇಲೆ ಈಚೆಯಿಂದ "ಓ" ಎಂದು ಬಡಕಲು ದನಿಯೊಂದು ಕೇಳಿತು.

ಹರಿಗೋಲು ತಿರುಗುತ್ತ ತಿರುಗುತ್ತ ಬಂತು. ಗಂಡ ಸತ್ತ ಮೇಲೆ, ಮಗ ದೊಡ್ಡವನಾಗುವ ತನಕ ಹುಲಿಗೆವ್ವನೇ ಹುಟ್ಟು ಹಾಕಿ ಹರಿಗೋಲು ನಡೆಸಿದವಳು. ಕೈ ಮರೆತಿರಲಿಲ್ಲ. ಮೈಯಲ್ಲಿ ಮಾತ್ರ ಕಸುವಿರಲಿಲ್ಲ. ದಂಡೆಗೆ ಮುಟ್ಟಿಸಿದಾಗ ಅವಳ ತುಟಿ ಒಣಗಿ ಸೀಳಿದ್ದು ವೆಂಕೋಬನಿಗೆ ಕಂಡಿತು.

"ಅವ್ವಾ, ನಾನು..."

"ಗೊತ್ತೈತಿ. ದನಿಯಾಗ ಗೊತ್ತಾತು. ಹತ್ತು."

ಅವನು ಹತ್ತಿದ. ಅವಳು ಹುಟ್ಟು ಹಾಕಿದಳು, ಬಾಯಿಯನ್ನೂ ಬಿಚ್ಚಿದಳು.

"ಹೆಣ ಹೋದ ಮನ್ಯಾಗ ಹಂಗ ಓದ್ತಾರೇನೋ? ನನ ಮಗನ ಬೆನ್ನಿಗೆ ಬೀಳೂ ಪೆಟ್ಟನ್ನ ಎಳದು ಎಳದು ಹಾಡಿದ್ಯಲ್ಲ, ನಿನಗ ಅದು ರಾಗ ಆತೇನು? ಅಲ್ಲಿ ಕುಂತವ್ರು ತಲಿ ಅಲ್ಲಾಡಿಸಿದ್ರು, ನೀ ಉಬ್ಬಿದಿ. ನಾ ನಿನ್ನ ಮುಖಾನ ನೋಡಾಕತ್ತಿದ್ದೆ. ನಿಮ್ಮವ್ವ ನಿನಗ ಏನು ಕಲಿಸ್ಯಾಳೋ? ಅಂಚಿಗೆ ಕುಂದ್ರಬ್ಯಾಡ, ನಡುವ ಕುಂದ್ರು, ಬಿದ್ದೀಯ."

ಅವನು ನಡುವೆ ಸರಿದು ಕೂತ.

"ಓದು ಬರತೈತಂತ ಓದು. ಓದಿದಾವ್ರಿಗೆ ತಾಯಿ ಹೊಟ್ಟೀ ಉರಿ ತಿಳೀಬಾರದಂತ ಐತೇನು? ಹರಿಗೋಲು ಇಲ್ಲವ್ವ ಅಂದಿ. ಆ ಹೊಳೀ ದಂಡೀಗೆ ಹೋಗಿ ನೋಡಿ ಬಂದಿದ್ದೇನು ನೀನು? ವಲ್ಲಿ ಹೊದ್ದುಕೊ. ಗಾಳಿ ಐತಿ."

ವೆಂಕೋಬ ಹೆಗಲ ಮೇಲಿನ ವಲ್ಲಿ ಹೊದ್ದುಕೊಂಡ.

"ಹುಟ್ಟು ಕೊಡವ್ವ, ನಾ ಹಾಕ್ತೀನಿ."

"ನಿನಗ ಎಲ್ಲಿ ಬರಬೇಕು. ತಿರುಗಿದಲ್ಲೇ ತಿರುಗ್ತೀಯ. ಸುಮ್ಮನ ಕುಂದ್ರು."

ಮತ್ತೆ ಬೈದಳು. ಅವನ ಗಂಟಲನ್ನು, ಅವನ ಪುರಾಣವನ್ನು, ಅವನ ನಾಜೂಕು ಕೈಗಳನ್ನು, ಒಂದನ್ನೂ ಬಿಡದೆ ಬೈದಳು. ದಂಡೆ ಹತ್ತಿರ ಬರುವಾಗ ವೆಂಕೋಬ ತಲೆ ಎತ್ತದೆ, "ತಪ್ಪಾತವ್ವ" ಎಂದ.

ಹುಲಿಗೆವ್ವ ಬೈಯುವುದನ್ನು ನಿಲ್ಲಿಸಿದಳು.

"ನನ ಮಗನೂ ಹಂಗ ತಪ್ಪಾತವ್ವ ಅಂತಿದ್ದ" ಎಂದಳು. "ಫಕೀರಪ್ಪ ಹೋದ ಮ್ಯಾಲ ದಿನಾ ಹೊತ್ತು ಮುಣುಗಿದ್ರ ಹೊಳೀಗೆ ಬಂದು ಕುಂದರ್ತಿದ್ದ. ಕತ್ತಲಾದ್ರೂ ಏಳ್ತಿದ್ದಿಲ್ಲ. ಯಾರರೆ ಕೂಗ್ಯಾರು, ಇಲ್ಲೇ ಇರ್ತೀನಿ ಅವ್ವಾ ಅಂತಿದ್ದ."

ಈಚೆ ದಂಡೆಯಲ್ಲಿ ನಿರುಪಾದಜ್ಜ ಕಂದೀಲು ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಒಂದು ತಂಬಿಗೆ ನೀರಿತ್ತು.

"ಸೂತಕದಾಗ ಹರಿಗೋಲು ಯಾಕ ಮುಟ್ಟಿದಿ ಹುಲಿಗೆವ್ವ?"

"ಕೂಗಿದ್ರಲ್ರಿ."

"ಮೈಯಾಗ ಶಕ್ತಿ ಇಲ್ಲ. ಕೂಗಿದಾಂವ ನೋಡಿದ್ರ ನಿನ್ನ ಹೊಟ್ಟಿ ಉರಿಸಿದಾಂವ."

"ಹೌದ್ರಿ. ಆದ್ರ ಕೂಗಿದ್ರ ಹೋಗಬೇಕಲ್ರಿ. ನನ ಮಗ ಹೋಗದ ಏನಾತು, ನೋಡಿಲ್ಲೇನು ನಾನು?"

ಅಜ್ಜ ಕಂದೀಲಿನ ಬತ್ತಿ ಸ್ವಲ್ಪ ಏರಿಸಿದರು.

"ಗಾಳೆಪ್ಪ ಆ ಹೊಳ್ಯಾಗ ಸುಮ್ಮನ ನಿಂತಾನೋ, ಕೂಗಾಕತ್ತಾನೋ?"

"ಕೂಗ್ತಿರ್ತಾನ್ರಿ" ಎಂದಳು. "ಕೂಗದ ಇರತಾನೇನ್ರಿ."

"ಆ ಕೂಗು ಕೇಳೂ ದೇವರು ನಿನಗಿಂತ ಕಡಿಮಿಯಾಂವೇನು?"

ಅವಳು ಹೊಳೆಯ ಕಡೆಗೆ ತಿರುಗಿದಳು.

"ಫಕೀರಪ್ಪನ ಕೂಗಿಗೆ ನನ ಮಗ ಏಳಲಿಲ್ಲಲ್ರಿ. ಅವನ ಕೂಗಿಗೆ ಬರ್ತಾನೇನ್ರಿ ದೇವರು?"

"ನೀ ಬಂದಿಯಲ್ಲ" ಎಂದರು ಅಜ್ಜ.

ಹುಲಿಗೆವ್ವ ಅಲ್ಲೇ ಮರಳಿನ ಮೇಲೆ ಕುಸಿದು ಕೂತಳು. ಮಗ ಸತ್ತ ದಿನದಿಂದ ಒಳಗೇ ನಿಂತಿದ್ದ ಅಳು ಆಗ ಬಂತು. ಅಜ್ಜ ಅವಳು ಅತ್ತು ಮುಗಿಯಲಿ ಎಂದು ಕಾದರು. ಆಮೇಲೆ ಅವಳು ಬೊಗಸೆ ಒಡ್ಡಿದಳು, ಅವರು ತಂಬಿಗೆ ಬಗ್ಗಿಸಿದರು.

ಅವಳ ಗಂಟಲಲ್ಲಿ ನೀರು ಇಳಿಯುವುದನ್ನು ನೋಡುತ್ತ ವೆಂಕೋಬನೂ ಅತ್ತ. ಅಷ್ಟು ಸಂತೋಷ ಅವನಿಗೆ ಯಾವ ಪುರಾಣ ಓದಿಯೂ ಆಗಿರಲಿಲ್ಲ.

ಮನೆಗೆ ಹೋಗುವ ಮುಂಚೆ ಹುಲಿಗೆವ್ವ ಹರಿಗೋಲನ್ನು ಡಬ್ಬು ಹಾಕಲಿಲ್ಲ. ನೀರಿನಂಚಿಗೆ ಗೂಟಕ್ಕೆ ಕಟ್ಟಿ, ಹುಟ್ಟನ್ನು ಅದರೊಳಗೇ ಇಟ್ಟಳು.

ಗುರುಶಿಷ್ಯರು ಆಶ್ರಮದ ದಾರಿ ಹಿಡಿದರು. ಮುಂದೆ ಅಜ್ಜನ ಕಂದೀಲು, ಹಿಂದೆ ವೆಂಕೋಬನ ಜೇನಿನ ಗಡಿಗೆ.

"ಅಜ್ಜಾರ, ಒಂದು ಕೇಳ್ಲಿರಿ?"

"ಕೇಳು."

"ದೇವರು ಬರ್ತಾನ ಅಂದ್ರಿ. ಹಂಗಾದ್ರ ಆ ಹೊಳಿ, ಆ ಪೆಟ್ಟು, ಅವೆಲ್ಲ ಇಲ್ಲೇ ಇಲ್ಲೇನ್ರಿ?"

"ಹುಲಿಗೆವ್ವ ನಿನ್ನ ಬೈದಳೇನು?"

"ಬೈದಳ್ರಿ. ಆ ದಂಡಿಯಿಂದ ಈ ದಂಡೀ ತನಕ. ನನ್ನ ಜನ್ಮದಾಗ ಯಾರೂ ಹಂಗ ಬೈದಿದ್ದಿಲ್ಲ."

"ನೋವಾತೇನು?"

"ಭಾಳ ಆತ್ರಿ. ಹೊಳ್ಯಾಗ ಹಾರಿಬಿಡೂಣು ಅನಿಸ್ತು."

ಅಜ್ಜ ನಿಂತು, ಕಂದೀಲನ್ನು ಅವನ ಮುಖದ ತನಕ ಎತ್ತಿದರು. ಅವರ ಕಣ್ಣೂ ಒದ್ದೆಯಾಗಿತ್ತು.

"ಬೈಯೂವಾಗ ಹುಟ್ಟು ಹಾಕೂದು ಬಿಟ್ಟಿದ್ದಳೇನು?"