ನೈರುತ್ಯದ ಭಾರ

ಬಳ್ಳಾರಿಯ ಆ ಜೀನ್ಸ್ ಹೊಲಿಗೆ ಘಟಕದಲ್ಲಿ ಇಪ್ಪತ್ತೆಂಟು ಹೆಂಗಸರ ತಲೆಯ ಮೇಲೆ ಛಾವಣಿ ಬಿರುಕು ಬಿಟ್ಟಿತ್ತು. ಮೇಲಿನ ಮಹಡಿಯಲ್ಲಿ ಸಾವ್ಕಾರ ವಿರೂಪಣ್ಣ ಬಟ್ಟೆಯ ರೋಲುಗಳನ್ನು ಆಳೆತ್ತರ ಒಟ್ಟಿಸಿದ್ದ.

ಹಿರಿಯ ಟೈಲರ್ ಹುಲಿಗೆಮ್ಮ ಕುದಿಯುತ್ತಲೇ ಅವನ ಕ್ಯಾಬಿನ್ನಿಗೆ ನುಗ್ಗಿದಳು.

"ಸಾವ್ಕಾರ್ರೆ, ಅದು ಮನೆಗಂತ ಕಟ್ಟಿದ ಮಹಡಿ. ಚದರ ಮೀಟರಿಗೆ ಇನ್ನೂರು ಕೆಜಿ ಅಂತ ನಿಮ್ಮ ನಕ್ಷೆಯಾಗೇ ಐತಿ. ಗೋದಾಮಿನ ಭಾರ ತಡೆಯಂಗಿಲ್ಲ."

"ನೀ ಯಾವಾಗ ಇಂಜಿನಿಯರ್ ಆದಿ? ನನ್ನ ಸ್ಲ್ಯಾಬು ಮೂಲೆಯಿಂದ ಮೂಲೆಗೆ ಒಂದೇ ಗಟ್ಟಿ. ಹೆದರಿಕಿ ಆದ್ರೆ ಮನೀಗೆ ಹೋಗು!"

ಹುಲಿಗೆಮ್ಮ ಹಲ್ಲು ಕಚ್ಚಿದಳು. ವಾಸ್ತು ಕೇಳದೆ ಕುರ್ಚಿಯನ್ನೂ ಸರಿಸದ ಮನುಷ್ಯ ಅವನು.

"ಗಟ್ಟಿ ಇದ್ರೆ ಆಯ್ತು ಬಿಡ್ರಿ. ಆದ್ರೆ ವಾಸ್ತು ತಪ್ಪೈತಿ. ನಾವು ಕುಂತಿದ್ದು ಈಶಾನ್ಯ, ಅಲ್ಲಿ ಭಾರ ಇಟ್ರೆ ದರಿದ್ರ. ಯಜಮಾನ ಕುಂದ್ರೋದೂ ನೈರುತ್ಯ, ಭಾರ ಇಡೋದೂ ನೈರುತ್ಯ. ಎಲ್ಲಾ ರೋಲು ನಿಮ್ಮ ಕ್ಯಾಬಿನ್ ಮೇಲಕ್ಕೆ ಸರಿಸ್ತೀವಿ."

ವಾಸ್ತು ಎಂದ ಕೂಡಲೇ ವಿರೂಪಣ್ಣ ತಲೆದೂಗಿದ. ಹೆಂಗಸರು ಮಹಡಿ ಹತ್ತಿದರು. ಕ್ಯಾಬಿನ್ನಿನ ಮೇಲೆ ಮೊದಲ ರೋಲು ಧೊಪ್ಪನೆ ಬಿತ್ತು. ಎರಡನೆಯದಕ್ಕೆ ಅವನ ಚಹಾದೊಳಗೆ ಗಾರೆ ಉದುರಿತು. ಮೂರನೆಯದು ಬೀಳುವಷ್ಟರಲ್ಲಿ ಅವನು ಅಂಗಳದಲ್ಲಿದ್ದ.

"ನಿಲ್ಸೇ ಹುಲಿಗೆಮ್ಮ! ಸ್ಲ್ಯಾಬು ಕುಸೀತೈತಿ!"

ಮಹಡಿಯ ಕಿಟಕಿಯಿಂದ ಅವಳು ಬಗ್ಗಿ ನೋಡಿದಳು. "ಇಪ್ಪತ್ತೆಂಟು ಮಂದಿ ಮೇಲೆ ಕುಸಿಯದ ಸ್ಲ್ಯಾಬು, ನಿಮ್ಮೊಬ್ಬರ ಮೇಲೆ ಕುಸೀತೈತೇನ್ರೀ?"

ಹೆಂಗಸರೆಲ್ಲ ಕೆಳಗಿಳಿದು ಅಂಗಳದಲ್ಲಿ ಕೂತರು. ಮಹಡಿ ಖಾಲಿಯಾಗುವವರೆಗೆ ಒಬ್ಬಳೂ ಒಳಗೆ ಕಾಲಿಡಲಿಲ್ಲ. ಕೊನೆಯ ರೋಲನ್ನು ಅಂಗಳದಾಚೆಯ ಶೆಡ್ಡಿಗೆ ಹೊತ್ತು ತಂದವನು ವಿರೂಪಣ್ಣನೇ.