ನಟ ಬರೆದ ಗುಡ್ಡ

"ಗುರುಗಳೇ, ತಪ್ಪನ್ನು ತಪ್ಪು ಎಂದರೆ ಜನ ಅದನ್ನು ಹೊಟ್ಟೆಕಿಚ್ಚು ಎನ್ನುತ್ತಾರೆ. ಇವೆರಡಕ್ಕೂ ವ್ಯತ್ಯಾಸವೇನು?" ಎಂದು ಶಿಷ್ಯನೊಬ್ಬ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಚಿತ್ರಗಾರನಿದ್ದ. ಮೂವತ್ತು ವರ್ಷ ಗುಡ್ಡ, ಕೆರೆ, ತೋಪುಗಳನ್ನೇ ಬರೆದು ಕೈ ಪಳಗಿಸಿದವನು. ಅದೇ ಊರಿನಲ್ಲಿ ಹೆಸರಾಂತ ನಟನೊಬ್ಬನಿದ್ದ. ಅವನು ರಾವಣನ ವೇಷ ಕಟ್ಟಿದರೆ ಹತ್ತೂರು ಬಂದು ಸೇರುತ್ತಿತ್ತು. ಒಂದು ಮಳೆಗಾಲ, ಮೇಳದವರು ಗೆಜ್ಜೆ ಬಿಚ್ಚಿ ಮನೆ ಸೇರಿದ್ದಾಗ, ಬೇಸರ ಕಳೆಯಲೆಂದು ನಟ ಮುಖಕ್ಕೆ ಹಚ್ಚುವ ಬಣ್ಣಗಳನ್ನೇ ಕಲಸಿ ಒಂದು ಗುಡ್ಡ, ಅದರ ಬುಡಕ್ಕೊಂದು ಕೆರೆ ಬರೆದ. ಊರ ದೊರೆ ಅದನ್ನು ಕೇಳಿ ಪಡೆದು ಚಾವಡಿಯ ಗೋಡೆಗೆ ತೂಗುಹಾಕಿಸಿದ.

ಚಿತ್ರಗಾರನಿಗೆ ಅನ್ನ ಸೇರಲಿಲ್ಲ. ಆ ಚಾವಡಿಯಲ್ಲಿ ತನ್ನದೊಂದು ಚಿತ್ರ ಇರಬೇಕೆಂದು ಅವನು ಮೂವತ್ತು ವರ್ಷ ಕಾದಿದ್ದ. ಮರುದಿನವೇ ಹೋಗಿ ನೋಡಿದ. ಸೂರ್ಯನಿರುವ ಕಡೆಗೇ ಗುಡ್ಡದ ನೆರಳೂ ಬಿದ್ದಿತ್ತು. ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಂಗಡಿ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಅದನ್ನು ಬಿಡಿಸಿ ಹೇಳಿದ. ಜನ ಹೌದೆಂದು ತಲೆಯಾಡಿಸಿ, ಎದ್ದು ಚಿತ್ರ ನೋಡಲು ಹೋದರು.

ಆಮೇಲೆ ಅವನಿಗೆ ದಿನವೂ ಅದೇ ಕೆಲಸವಾಯಿತು. ಮಿಂದು, ಹಣೆಗೆ ವಿಭೂತಿ ಇಟ್ಟು, ನೆಟ್ಟಗೆ ಚಾವಡಿಗೆ. ಒಂದು ದಿನ ಕೆರೆಯ ನೀರು ಓರೆಯಾಗಿ ನಿಂತದ್ದು ಕಂಡಿತು; ಇನ್ನೊಂದು ದಿನ ಕೆರೆಯ ದಡದ ಆಕಳು ಮರಕ್ಕಿಂತ ಎತ್ತರವಿರುವುದು ಕಂಡಿತು. ಮನೆಯಲ್ಲಿ ಅವನ ಬಣ್ಣದ ಕರಟಗಳು ಒಣಗಿ ಬಿರಿದವು.

ಹೀಗೆ ವರ್ಷ ಕಳೆಯಿತು. ಮಾತು ದೊರೆಯ ಕಿವಿಗೆ ಬಿತ್ತು. ದೊರೆ ಚಿತ್ರಗಾರನನ್ನು ಕರೆಸಿ, "ಎದುರಿನ ಗೋಡೆ ಬರಿದಾಗಿದೆಯಲ್ಲಯ್ಯ. ತಪ್ಪಿಲ್ಲದ ಗುಡ್ಡ ಹೇಗಿರುತ್ತದೋ ತಿಂಗಳೊಳಗೆ ನೀನೇ ಬರೆದು ತೋರಿಸು," ಎಂದ.

ಚಿತ್ರಗಾರ ಕುಂಚ ಹಿಡಿದು ಕುಳಿತ. ಕಣ್ಣು ಮುಚ್ಚಿದರೆ ನಟನ ಗುಡ್ಡ, ತೆರೆದರೂ ಅದೇ. ಅಳಿಸಿದ, ಮತ್ತೆ ಬರೆದ. ನೆರಳು ತಾನಾಗಿ ಸೂರ್ಯನ ಕಡೆಗೇ ಜಾರಿತು. ನೀರು ಓರೆಯಾಯಿತು. ಗಡುವಿನ ದಿನ ದೊರೆ ಬಂದು ನೋಡಿ ಬೆರಗಾದ. "ಭಲೇ, ಥೇಟು ನಮ್ಮ ನಟರದೇ ಕೈ," ಎಂದು ಮೆಚ್ಚಿ ಶಾಲು ಹೊದಿಸಿದ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಶಿಷ್ಯ, "ಆದರೂ ಗುರುಗಳೇ, ಅವನು ಹುಡುಕಿದ ತಪ್ಪುಗಳೆಲ್ಲ ನಿಜವೇ ತಾನೇ?" ಎಂದ.

"ನಿಜವೇ, ಮಗು. ಆದರೆ ಆ ನಟನಿಗೆ ಅವನಷ್ಟು ನಿಷ್ಠೆಯ ಶಿಷ್ಯ ಇನ್ನೊಬ್ಬ ಸಿಕ್ಕಾನೇ?"