ಹೊಳೆಗೆ ಬಿಡುವ ಮೊದಲು

ಮಲಪ್ರಭೆಯ ದಂಡೆಯ ಒಂದು ಆಶ್ರಮ. ಹಳೆಯ ತಾಳೆಗರಿಗಳ ಫೋಟೊ ತೆಗೆದು ಅಲ್ಲಿಯ ಡೇಟಾಬೇಸಿನಲ್ಲಿ ಇಡುತ್ತಿದ್ದರು. ಫೋಟೊ ಸೇರಿದ ಮೇಲೆ, ಹುಳ ತಿಂದ ಗರಿಯನ್ನು ಹೊಳೆಗೆ ಬಿಡುವುದು ಅಲ್ಲಿಯ ರೂಢಿ.

ನಿಂಬೆವ್ವ ತನ್ನ ಮನೆತನದ ಔಷಧಿ ಬರೆದ, ಹುಳ ತಿಂದ ಗರಿ ಹಿಡಿದು ಬೆಳಗಿನಿಂದ ಕಟ್ಟೆಯ ಮೇಲೆ ಕೂತಿದ್ದಳು. ಅದಕ್ಕೆ ಇನ್ನೊಂದು ಪ್ರತಿ ಇಲ್ಲ. ಹೋದ ಸಲ ತೆಗೆದ ಫೋಟೊ ಮಸುಕು. ಅದರ ಜಾಗದಲ್ಲಿ ಹೊಸದನ್ನು ಕೂರಿಸಬೇಕು.

ಶಿಷ್ಯ ಈರಭದ್ರ ಕಂಪ್ಯೂಟರಿಗೆ ಹದಿನೇಳು ಸಲ ಆಜ್ಞೆ ಕೊಟ್ಟ. ಅದನ್ನು ಡೇಟಾಬೇಸಿಗೆ ಮುಟ್ಟಿಸುವ ಡ್ರೈವರ್ ಎಂಬ ತಂತ್ರಾಂಶ ಹದಿನೇಳು ಸಲವೂ ಎರರ್ ಎಂದಿತು.

ಊಟದ ಗಂಟೆ ಹೊಡೆಯಿತು. ಅವನು ಏಳಲಿಲ್ಲ.

ಗುರು ಮರುಳಯ್ಯ ಬಂದು ಪಕ್ಕದಲ್ಲಿ ಕೂತರು.

"ಡ್ರೈವರ್ರೇ ಸರಿಯಿಲ್ರೀ ಅಜ್ಜಾರ. ಗರಿ ಹೆಸರು ಬದಲಿಸು ಅಂದ್ರ ಬದಲಿಸ್ತೈತಿ. ಫೋಟೊ ಅಂದ್ರ ಒಲ್ಲೆ ಅಂತೈತಿ."

"ನೀ ಏನಂತ ಹೇಳಿದಿ?"

"ಫೋಟೊದಾಗ ಇದ್ದದ್ದೆಲ್ಲಾ ಆಜ್ಞೆ ಸಾಲಿನಾಗ ಸುರುವೀನ್ರಿ."

"ಹಂಗಾರ ಆ ಸಾಲು ಓದು. ಜೋರಾಗಿ."

ಈರಭದ್ರ ಶುರು ಮಾಡಿದ. ಮೊದಲ ನಾಲ್ಕು ಪದ ಸರಾಗ. ಆಮೇಲೆ ಚೌಕ, ಚುಕ್ಕೆ, ಎಲ್ಲಿಯವೋ ಗೀರುಗಳು. ನಾಲಿಗೆ ತೊಡರಿ ನಿಂತಿತು.

ನಿಂಬೆವ್ವ ನಕ್ಕಳು. "ಮೈಯಾಗ ದೆವ್ವ ಬಂದಾಂಗ ಆತಲ್ಲೋ ತಮ್ಮಾ!"

"ಇದನ್ನ ಓದಾಕ ಆಗೂದಿಲ್ರೀ ಅಜ್ಜಾರ. ಇದು ಮಾತಲ್ಲ, ಚಿತ್ರ."

"ಅದು ನಿನಗ ಗೊತ್ತೈತಿ. ಡ್ರೈವರಿಗೆ ಯಾರು ಹೇಳ್ಯಾರ?"

ಈರಭದ್ರ ಸಾಲನ್ನು ಅಳಿಸಿದ. ಈ ಸಲ ಆಜ್ಞೆಯನ್ನಷ್ಟೇ ಬರೆದು, ಚಿತ್ರದ ಜಾಗ ಖಾಲಿ ಬಿಟ್ಟ. ಚಿತ್ರವನ್ನು ಬೇರೆಯಾಗಿ ಕೊಟ್ಟು, ಇದು ಬೈನರಿ, ಅಕ್ಷರವಲ್ಲ, ಇದರ ಉದ್ದ ಇಷ್ಟು ಎಂದು ತಿಳಿಸಿದ.

ಹದಿನೆಂಟನೆಯ ಸಲ ಪರದೆಯ ಮೇಲೆ ಎರರ್ ಬರಲಿಲ್ಲ. ಒಂದು ದಾಖಲೆ ಬದಲಾಗಿದೆ ಎಂದು ಬಂತು.

"ಹೋತು! ಏಳ್ರಿ ಯವ್ವಾ, ಗರಿ ಬಿಡೂಣು!"

ನಿಂಬೆವ್ವ ಗರಿಯನ್ನು ಕಣ್ಣಿಗೊತ್ತಿಕೊಂಡು ಮೆಟ್ಟಿಲಿಳಿದಳು. ಪಾದ ನೀರಿಗೆ ತಾಗಿತು.

ಮರುಳಯ್ಯ ಓಡಿ ಹೋಗಿ ಆಕೆಯ ಕೈ ಹಿಡಿದರು. ಶಿಷ್ಯನತ್ತ ತಿರುಗಿದರು.

"ಒಳಗ ಹೋದದ್ದನ್ನ ಹೊರಗ ತಗದು, ಈ ಗರಿ ಬಾಜೂಕ ಹಿಡದು ನೋಡಿದೇನು?"

"ಎದಕ್ರೀ? ಹೋತು ಅಂತ ಬಂದೈತಲ್ಲ."

"ಹೋತು ಅಂದದ್ದು ಡ್ರೈವರ್. ಬಂತು ಅನ್ನೂದು ನೀ ಹೇಳಬೇಕು."